ಕಣ ಸಣ್ಣದು, ಕಿಡ್ನಿಯ ಹೊರೆ ದೊಡ್ಡದು



ನಾನು ವೈದ್ಯನಲ್ಲ, ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ದುಡಿದು, ಈಗ ಬೋಡಕ್‌ದೇವ್‌ನಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ನೋಡುವಾಗ ‘ಡಯಾಲಿಸಿಸ್’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ಒಂದು ಸಂಸಾರದ ಲೆಕ್ಕವೇ ಏರುಪೇರಾಗುತ್ತದೆ. ಆದ್ದರಿಂದ ಈ ಸಲ ಮನವಿಯ ಜೊತೆಗೆ, ನಾನು ಓದಿ ತಿಳಿದುಕೊಂಡ ಒಂದು ಪಾಠ.

ಮೀಟರಿನ 100 ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳೇ ನ್ಯಾನೋಕಣಗಳು. ಲೋಹ ಅದೇ ಆದರೂ ಗಾತ್ರ ಇಳಿದಾಗ ಗುಣ ಬದಲಾಗುತ್ತದೆ. ಲೆಕ್ಕ ಹಾಕಿ ನೋಡಿ: 1 ಸೆಂಟಿಮೀಟರಿನ ಲೋಹದ ಘನದ ಹೊರಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್, ಅಂದರೆ ನಮ್ಮ ಕಡೆಯ ನಾಲ್ಕೈದು ಫ್ಲ್ಯಾಟುಗಳಷ್ಟು! ಹೊರಮೈ ಹೆಚ್ಚಿದಷ್ಟೂ ಲೋಹ ಬೇಗ ಕರಗುತ್ತದೆ, ಜೀವಕೋಶಗಳೊಡನೆ ಬೇಗ ವರ್ತಿಸುತ್ತದೆ.

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲನ್ನು ದೇಹಕ್ಕೆ ಮರಳಿಸುತ್ತವೆ. ಐದಾರು ನ್ಯಾನೋಮೀಟರಿಗಿಂತ ಚಿಕ್ಕ ಕಣಗಳು ಮೂತ್ರದಲ್ಲಿ ಹೊರಹೋಗಬಲ್ಲವು. ದೊಡ್ಡವು ಯಕೃತ್ತು, ಗುಲ್ಮ, ಮೂತ್ರಪಿಂಡಗಳಲ್ಲಿ ಉಳಿದು, ನಿಧಾನವಾಗಿ ಕರಗಿ ಲೋಹವನ್ನು ಬಿಡುತ್ತವೆ. ಸೋಸುವ ನಾಳಗಳ ಜೀವಕೋಶಗಳು ಅದನ್ನು ಹೀರಿಕೊಂಡು ಬಳಲುತ್ತವೆ. ಚೀನಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದರಲ್ಲಿ 23.5 ನ್ಯಾನೋಮೀಟರಿನ ತಾಮ್ರದ ಮಾರಕ ಪ್ರಮಾಣ ಕಿಲೋ ತೂಕಕ್ಕೆ 413 ಮಿಲಿಗ್ರಾಂ. ಸಾಧಾರಣ ತಾಮ್ರದ ಪುಡಿಗೆ ಅದು 5,000ಕ್ಕೂ ಹೆಚ್ಚು. ಹಾನಿಯಾದ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಇಲಿಗೆ ಕೊಟ್ಟ ದೊಡ್ಡ ಪ್ರಮಾಣವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು, ಆದರೂ ಎಚ್ಚರಿಕೆ ಸ್ಪಷ್ಟ.

ಇದು ನಮ್ಮ ಮನೆಗೂ ಬರುವ ವಿಷಯ. ಭಸ್ಮ ಬೆರಳಿನ ಗೆರೆಯೊಳಗೆ ಸೇರಬೇಕು, ನೀರಿನ ಮೇಲೆ ತೇಲಬೇಕು ಎಂದು ಹಿರಿಯರು ಪರೀಕ್ಷೆ ಇಟ್ಟಿದ್ದರು. ಇಂದಿನ ಸೂಕ್ಷ್ಮದರ್ಶಕದಲ್ಲಿ ಹಲವು ಭಸ್ಮಗಳಲ್ಲಿ ನ್ಯಾನೋ ಗಾತ್ರದ ಕಣಗಳೇ ಕಂಡಿವೆ. ಶೋಧನೆ, ಮಾರಣ ಸರಿಯಾಗಿ ಆಗಿರುವ, ಬಲ್ಲ ವೈದ್ಯರೇ ಕೊಡುವ ಔಷಧಿಯ ಮಾತು ಬೇರೆ. ಲೇಬಲ್ ಇಲ್ಲದ ಪೊಟ್ಟಣದಲ್ಲಿ ಪಾದರಸ, ಸೀಸ ಎಷ್ಟಿದೆ ಎಂದು ಬಲ್ಲವರು ಯಾರು? ಪಾದರಸವಿರುವ ನಾಟಿ ಔಷಧಿಗಳಿಗೂ ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಕಿಡ್ನಿ ಕಾಯಿಲೆಗೂ ಇರುವ ನಂಟನ್ನು ವೈದ್ಯರು 2022ರಲ್ಲಿ ವರದಿ ಮಾಡಿದರು. ಕೇರಳದ ಕೋಟಕ್ಕಲ್‌ನಲ್ಲಿ ಅದೇ ಬಗೆಯ ಕಾಯಿಲೆಯ 15 ಮಂದಿಯಲ್ಲಿ 13 ಮಂದಿ ಮೈಬಣ್ಣ ಬಿಳಿಯಾಗಿಸುವ ಕ್ರೀಮ್ ಹಚ್ಚುತ್ತಿದ್ದರು. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಇವು ಪಾದರಸದ ಪ್ರಕರಣಗಳು. ಕಣದ ಗಾತ್ರ ಅಲ್ಲಿ ಮುಖ್ಯವಲ್ಲ. ಆದರೆ ಹೊರೆ ಬೀಳುವ ಜಾಗ ಒಂದೇ.

ನನ್ನದೇ ತಪ್ಪನ್ನೂ ಹೇಳಿಬಿಡುತ್ತೇನೆ. ಮಂಡಿನೋವಿಗೆಂದು ಪರಿಚಿತರೊಬ್ಬರು ತಂದುಕೊಟ್ಟ ಬೂದುಬಣ್ಣದ ಪುಡಿಯನ್ನು ಎಂಟು ತಿಂಗಳು ಜೇನಿನಲ್ಲಿ ನೆಕ್ಕಿದೆ. ಕಾಲು ಊದಿತು, ಮೂತ್ರ ನೊರೆನೊರೆಯಾಯಿತು. ಡಾಕ್ಟರು “ಬೇರೆ ಔಷಧಿ ಏನಾದರೂ?” ಎಂದಾಗ “ಏನೂ ಇಲ್ಲ” ಎಂದೆ. ನನ್ನವಳು ಚೀಲದಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು! ಪುಡಿ ನಿಂತಿತು, ಕೆಲವು ತಿಂಗಳಲ್ಲಿ ಪ್ರೋಟೀನ್ ಸೋರುವುದು ಕಡಿಮೆಯಾಯಿತು. ಪುಡಿಯೇ ಕಾರಣ ಎಂದು ಸಾಬೀತಾಗಲಿಲ್ಲ. ಆದರೆ ಮುಚ್ಚಿಟ್ಟದ್ದು ನನ್ನ ತಪ್ಪೇ.

ಬಂಧುಗಳು ದಯವಿಟ್ಟು ಗಮನಿಸಿ:

1. ಬ್ಯಾಚ್ ಸಂಖ್ಯೆ, ತಯಾರಕರ ಪರವಾನಗಿ ಸಂಖ್ಯೆ ಇಲ್ಲದ ಭಸ್ಮ, ಬೆಳ್ಳಿ ದ್ರಾವಣ, ಕ್ರೀಮ್ ಬೇಡ.
2. ಡಾಕ್ಟರ ಬಳಿ ಹೋಗುವಾಗ ನೀವು ಬಳಸುವ ಎಲ್ಲ ಪೊಟ್ಟಣ, ಸೀಸೆಗಳನ್ನೂ ಒಯ್ಯಿರಿ.
3. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷಿಸಿಕೊಳ್ಳಿ.

ತೊಂದರೆ ಕಂಡರೆ ತಡಮಾಡಬೇಡಿ. ಅಸಾರ್ವಾದಲ್ಲಿ, ಡಾ. ಎಚ್. ಎಲ್. ತ್ರಿವೇದಿಯವರು ಕಟ್ಟಿ ಬೆಳೆಸಿದ ಕಿಡ್ನಿ ಸಂಸ್ಥೆ ಇದೆ. ಭಾಷೆಯ ತೊಡಕಿದ್ದರೆ ನಮ್ಮ ಸದಸ್ಯರು ಜೊತೆಗೆ ಬರುತ್ತಾರೆ.

ಪರೀಕ್ಷೆಯ ಖರ್ಚು ನೂರುಗಳಲ್ಲಿ, ಡಯಾಲಿಸಿಸ್‌ನ ಖರ್ಚು ಜೀವನಪೂರ್ತಿ. ಈಗಾಗಲೇ ಆ ಹೊರೆ ಹೊತ್ತಿರುವ ಕುಟುಂಬಗಳಿಗಾಗಿ ನಿಮ್ಮ ಕೈಲಾದಷ್ಟನ್ನು ವೈದ್ಯಕೀಯ ನೆರವು ನಿಧಿಗೆ ಕೊಡಿ. ರಸೀದಿ ಪಡೆಯಲು ಮರೆಯದಿರಿ.