ಸೋಲಾರ್‌ಗೆ ಹೊಲ ಗುತ್ತಿಗೆ: ರುಜು ಹಾಕುವ ಮುನ್ನ

‘ಮಳೆ ಬರಲಿ ಬಿಡಲಿ, ಎಕರೆಗೆ ವರ್ಷಕ್ಕೆ ಇಷ್ಟು ಹಣ ಖಚಿತ’ ಎಂದು ಸೋಲಾರ್ ಕಂಪನಿಯವರು ಬಾಗಿಲಿಗೆ ಬಂದರೆ ಬಯಲುಸೀಮೆಯ ರೈತನಿಗೆ ಅದು ಸಣ್ಣ ಮಾತಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿರುವುದೂ ರೈತರ ಜಮೀನನ್ನು ಗುತ್ತಿಗೆಗೆ ಪಡೆದೇ. ಅಲ್ಲಿ ಗುತ್ತಿಗೆ ಹಿಡಿದದ್ದು ಸರ್ಕಾರಿ ಸಂಸ್ಥೆ. ಬಂದವರು ಖಾಸಗಿಯವರಾದರೆ ಪರಿಶೀಲನೆಯ ಹೊಣೆ ನಿಮ್ಮದೇ.

1. ಮೊದಲು ನಿಮ್ಮ ಕಾಗದ

ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಿ. ಅಣ್ಣತಮ್ಮಂದಿರ ಪಾಲು ಒಂದೇ ಸರ್ವೆ ನಂಬರಿನಲ್ಲಿದ್ದರೆ ಪೋಡಿ ಮಾಡಿಸಿ. ಬ್ಯಾಂಕಿಗೆ ಅಡಮಾನವಿದ್ದರೆ ಬ್ಯಾಂಕಿನ ಒಪ್ಪಿಗೆ ಪಡೆಯಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಎಚ್ಚರ: 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಗುತ್ತಿಗೆಯೂ ಪರಭಾರೆಯೇ. ಸರ್ಕಾರದ ಪೂರ್ವಾನುಮತಿ ಬೇಕು.

2. ಆಮೇಲೆ ಕಂಪನಿಯ ಕಾಗದ

2003ರ ವಿದ್ಯುತ್ ಕಾಯ್ದೆಯಡಿ ವಿದ್ಯುತ್ ಉತ್ಪಾದನೆಗೆ ಲೈಸೆನ್ಸ್ ಬೇಕಿಲ್ಲ. ಆದರೆ ಕರೆಂಟು ಗ್ರಿಡ್ಡಿಗೆ ಸೇರದೆ ಕಾಸು ಹುಟ್ಟುವುದಿಲ್ಲ. ಆದ್ದರಿಂದ ಮೂರು ಪ್ರಶ್ನೆ ಕೇಳಿ. ಯೋಜನೆಗೆ ಕ್ರೆಡಲ್ (ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ) ಮಂಜೂರಾತಿ ಇದೆಯೇ? ಯಾವ ಸಬ್‌ಸ್ಟೇಷನ್ನಿಗೆ ಲೈನು ಎಳೆಯಲು ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಅಥವಾ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಒಪ್ಪಿದೆ? ಕರೆಂಟು ಕೊಳ್ಳುವವರು ಯಾರು? ಎಸ್ಕಾಂ ಆದರೆ ಆ ಖರೀದಿ ಒಪ್ಪಂದಕ್ಕೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಅನುಮೋದನೆ ಬೇಕು. ಮೂರಕ್ಕೂ ಉತ್ತರವಿಲ್ಲದಿದ್ದರೆ ನಿಮ್ಮ ಹೊಲವನ್ನು ಸುಮ್ಮನೆ ಹಿಡಿದಿಡುವ ಲೆಕ್ಕವಿರಬಹುದು. ಬಾಡಿಗೆ ‘ಉತ್ಪಾದನೆ ಶುರುವಾದ ದಿನದಿಂದ’ ಎಂದಿದ್ದರೆ ‘ನೋಂದಣಿಯಾದ ದಿನದಿಂದ’ ಎಂದು ತಿದ್ದಿಸಿ.

3. ಭೂಪರಿವರ್ತನೆ

ಕೃಷಿ ಜಮೀನನ್ನು ಬೇರೆ ಬಳಕೆಗೆ ಕೊಡುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ವಿಷಯ. ಸೌರ ಯೋಜನೆಗಳ ನಿಯಮವನ್ನು ಸರ್ಕಾರ ಸಡಿಲಿಸುತ್ತ ಬಂದಿದೆ. ಈಗಿನ ಆದೇಶವನ್ನು ತಹಶೀಲ್ದಾರ್ ಕಚೇರಿಯಲ್ಲೇ ಕೇಳಿ. ಶುಲ್ಕ ಯಾರದು, ಗುತ್ತಿಗೆ ಮುಗಿದ ಮೇಲೆ ಪಹಣಿಯಲ್ಲಿ ಮತ್ತೆ ಕೃಷಿ ಎಂದು ಮಾಡಿಸುವ ಹೊಣೆ ಯಾರದು ಎಂಬುದು ಕರಾರಿನಲ್ಲಿರಲಿ.

4. ಬಾಡಿಗೆಯ ಲೆಕ್ಕ

ಪಾವಗಡದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಈ ಲೆಕ್ಕದಲ್ಲಿ ಗುತ್ತಿಗೆಯ 28ನೇ ವರ್ಷಕ್ಕೆ ಬಾಡಿಗೆ ಸುಮಾರು 39,600 ರೂಪಾಯಿ. ಏರಿಕೆಯ ಸಾಲು ಬಿಟ್ಟುಹೋದರೆ ಅಂದೂ ಅದೇ 21,000.

5. ನೋಂದಣಿ

ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಬರೀ ಛಾಪಾ ಕಾಗದದ ಮೇಲಿನ ಬರಹ ಸಾಲದು. ಜಿಪಿಎಗೆ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರಕ್ಕೆ, ರುಜು ಹಾಕಬೇಡಿ. ಕಂಪನಿ ಸಾಲ ಎತ್ತುವಾಗ ಅಡವಿಡಬಹುದಾದದ್ದು ತನ್ನ ಗುತ್ತಿಗೆ ಹಕ್ಕನ್ನು ಮಾತ್ರ, ನಿಮ್ಮ ಒಡೆತನವನ್ನಲ್ಲ ಎಂದು ಬರೆಸಿ.

6. ಕೊನೆಯ ದಿನದ ಷರತ್ತು

ಪ್ಯಾನೆಲ್, ಕಂಬ, ನೆಲದೊಳಗಿನ ಕಾಂಕ್ರೀಟು, ಕೇಬಲ್ಲು ಎಲ್ಲವನ್ನೂ ಕಿತ್ತು ಹೊಲವನ್ನು ಉಳಲು ಬರುವಂತೆ ಮಾಡಿಕೊಡುವುದು ಕಂಪನಿಯ ಖರ್ಚು ಎಂದಿರಲಿ. ಕಂಪನಿ ಕೈಬದಲಾದರೂ ಷರತ್ತು ಬದಲಾಗದಿರಲಿ.

ಕರಾರು ಮುಗಿಯುವ ದಿನ ಟ್ರಂಕಿನಿಂದ ಈ ಕಾಗದ ತೆಗೆದು ಓದುವವರು ನಿಮ್ಮ ಮಕ್ಕಳು. ರುಜುವಿನ ದಿನವೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ.