ಜೋಡಿಗೆ ವೀಸಾ ಇಲ್ಲ

ಪರದೇಶದ ಸೊಸೆ ಬಂದಳೆಂದರೆ ತ್ರಾಸಿ, ಗಂಗೊಳ್ಳಿ, ಮರವಂತೆ ಕಡೆ ಈಗ ಯಾರೂ ಅಂಗಳಕ್ಕೆ ಬಂದು ಇಣುಕುವುದಿಲ್ಲ. ಮುಂಬಯಿಯ ಹೋಟೆಲು ಸೇರಿದ ತಲೆಮಾರು ಊರಿಗೆ ಬಂದೇ ಹೆಣ್ಣು ನೋಡಿತು. ದುಬೈ, ದೋಹಾ, ಕ್ರೂಸ್ ಹಡಗು, ಯುರೋಪಿನ ಕಂಪನಿ ಎಂದು ಹೊರಟ ತಲೆಮಾರಿನಲ್ಲಿ ಕೆಲವರು ಜೊತೆಯಲ್ಲಿ ದುಡಿದ ಫಿಲಿಪ್ಪೀನ್ಸಿನವಳನ್ನೋ ಜರ್ಮನಿಯವಳನ್ನೋ ಮದುವೆಯಾದರು. ಈಗ ಇಬ್ಬರೂ ಸೇರಿ ನಾಲ್ಕು ದೇಶ ಸುತ್ತಬೇಕೆಂಬ ಆಸೆ. ಅರ್ಜಿ ತುಂಬಿಸಲು ಹೆದ್ದಾರಿ ಬದಿಯ ನನ್ನ ಅಂಗಡಿಗೆ ಬರುತ್ತಾರೆ. ಪ್ಯಾನ್ ಕಾರ್ಡು, ಪಾಸ್‌ಪೋರ್ಟು, ಪಹಣಿ ಎಂದು ಶುರುವಾದ ಕೆಲಸ ವೀಸಾಕ್ಕೂ ಹಬ್ಬಿ ಬಹಳ ವರ್ಷವಾಯಿತು. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಶುಲ್ಕ, ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹಣ ಕಟ್ಟುವ ಮುಂಚೆ ಆಯಾ ದೇಶದ ಅಧಿಕೃತ ತಾಣವನ್ನು ಒಮ್ಮೆ ನೋಡಿ.

1. ಮೊದಲು ಕಾಗದದ ಮೇಲೆ ಎರಡು ಕಾಲಂ ಎಳೆಯಿರಿ

"ಒಟ್ಟಿಗೇ ಹೋಪುದಲ್ದಾ, ಒಂದೇ ಅರ್ಜಿ ಸಾಕಲ್ದಾ?" ಎಂಬುದು ನನಗೆ ಬರುವ ಮೊದಲ ಪ್ರಶ್ನೆ. ಸಾಕಾಗುವುದಿಲ್ಲ. ಮದುವೆಯಾದ ಮಾತ್ರಕ್ಕೆ ಪ್ರವಾಸಿ ವೀಸಾ ಒಂದಾಗುವುದಿಲ್ಲ. ಕೌಂಟರಿನ ಆಚೆ ಕೂತವರಿಗೆ ಕಾಣುವುದು ಬೇರೆ ಬೇರೆ ದೇಶದ ಇಬ್ಬರು.

ನೇಪಾಳವನ್ನೇ ತೆಗೆದುಕೊಳ್ಳಿ. ನಮ್ಮವನು ಮತದಾರರ ಚೀಟಿ ಹಿಡಿದು ದಾಟುತ್ತಾನೆ, ವೀಸಾದ ಮಾತೇ ಇಲ್ಲ. ಜರ್ಮನಿಯ ಹೆಂಡತಿಗೆ ವೀಸಾ ಬೇಕು. ಅಲ್ಲಿ ಇಳಿದ ಮೇಲೂ ಸಿಗುತ್ತದೆ, 15 ದಿನಕ್ಕೆ 30 ಡಾಲರ್. ಭೂತಾನದಲ್ಲಿ ಅಂತರ ಇನ್ನೂ ದೊಡ್ಡದು. ಭಾರತೀಯರಿಗೆ ಒಂದು ರಾತ್ರಿಗೆ 1,200 ರೂಪಾಯಿ ಅಭಿವೃದ್ಧಿ ಶುಲ್ಕವಾದರೆ ಆಕೆಗೆ 100 ಡಾಲರ್. ವಾರದ ಪ್ರವಾಸಕ್ಕೆ ಹೊರಟವರು ಈ ಲೆಕ್ಕ ಕೇಳಿ ಕೇರಳಕ್ಕೆ ಹೋದದ್ದಿದೆ. ಯುರೋಪಿಗೆ ಹೊರಟರೆ ತಕ್ಕಡಿ ಆಚೆಗೆ ವಾಲುತ್ತದೆ. ಅವಳು ಪಾಸ್‌ಪೋರ್ಟು ತೋರಿಸಿ ನಡೆದುಬಿಡುತ್ತಾಳೆ, ಅರ್ಜಿ, ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಇವನ ಪಾಲಿಗೆ.

ಹೋಗಬೇಕಾದ ದೇಶಗಳನ್ನು ಎಡಕ್ಕೆ ಬರೆದು ಗಂಡನಿಗೆ ಏನು ಬೇಕು, ಹೆಂಡತಿಗೆ ಏನು ಬೇಕು ಎಂದು ಎರಡು ಕಾಲಂ ತುಂಬಿ. ಟಿಕೆಟಿನ ಮಾತು ಆಮೇಲೆ.

2. ಹುಟ್ಟಿದ ದೇಶಕ್ಕಿಂತ ವಾಸದ ದೇಶವನ್ನು ಕೇಳುತ್ತಾರೆ

ಅರ್ಜಿಯನ್ನು ಎಲ್ಲಿ ಹಾಕಬೇಕೆಂಬುದು ಬಹುಪಾಲು ನಿಂತಿರುವುದು ಕಾನೂನು ಪ್ರಕಾರ ಎಲ್ಲಿ ವಾಸವಿದ್ದೀರಿ ಎಂಬುದರ ಮೇಲೆ. ಪ್ರವಾಸಿ ಇ-ವೀಸಾದಲ್ಲಿ ಬಂದು ಅತ್ತೆಮನೆಯಲ್ಲಿರುವ ಫಿಲಿಪ್ಪೀನ್ಸಿನವಳು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಿ ಯುರೋಪಿನ ಷೆಂಗೆನ್ ವೀಸಾ ಕೇಳಿದರೆ, "ನೀವು ಇಲ್ಲಿನ ನಿವಾಸಿಯೇ?" ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಅದೇ ಆಕೆ ದುಬೈಯಲ್ಲಿ ಕೆಲಸದಲ್ಲಿದ್ದು, ಅಲ್ಲಿನ ನಿವಾಸ ಪರವಾನಗಿಗೆ ಇನ್ನೂ ಸಾಕಷ್ಟು ಅವಧಿ ಇದ್ದರೆ ಅಲ್ಲಿಂದಲೇ ಅರ್ಜಿ ಹಾಕುವುದು ಸುಲಭ. ರಜೆಗೆ ಊರಿಗೆ ಬಂದು ಇಲ್ಲಿಂದ ಯುರೋಪಿಗೆ ಹಾರುವ ಯೋಚನೆಯಿದ್ದರೂ ವೀಸಾ ಮಾತ್ರ ಕೊಲ್ಲಿಯಲ್ಲೇ ಮಾಡಿಸಿಕೊಂಡು ಬನ್ನಿ.

ಇದರಲ್ಲಿ ಇನ್ನೊಂದು ಎಳೆಯಿದೆ. ಭಾರತದಲ್ಲಿ ವಾಸವಿರುವ ಭಾರತೀಯರಿಗೆ ಯುರೋಪಿಯನ್ ಒಕ್ಕೂಟ 2024ರ ಏಪ್ರಿಲ್‌ನಲ್ಲಿ ಒಂದು ಸವಲತ್ತು ಕೊಟ್ಟಿತು. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ, ಆಮೇಲೆ ಐದು ವರ್ಷದ್ದು. ಇದು ಗಂಡನಿಗೆ ಅನ್ವಯಿಸುತ್ತದೆ. ಒಂದೇ ಮನೆಯಲ್ಲಿರುವ, ಪ್ರತಿ ಸಲವೂ ಜೊತೆಯಲ್ಲೇ ಹೋಗಿಬಂದ ಫಿಲಿಪ್ಪೀನ್ಸಿನ ಹೆಂಡತಿಗೆ ಅನ್ವಯಿಸುವುದಿಲ್ಲ.

3. ಹೆಸರು

ನನ್ನ ಅಂಗಡಿಯಲ್ಲಿ ಹೆಚ್ಚು ಹೊತ್ತು ಹೋಗುವುದು ಇಲ್ಲೇ.

ನಮ್ಮ ಕಡೆಯ ಹೆಸರುಗಳನ್ನು ನೋಡಿ. ಮುಂದೆ ಮನೆತನದ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಇನ್ನೊಂದಕ್ಷರ, ಕೊನೆಗೆ ಶೆಟ್ಟಿ, ಪೂಜಾರಿ, ಖಾರ್ವಿ, ದೇವಾಡಿಗ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದು ಹೆಸರು ಎರಡು ಸಾಲಿಗೆ ಹಬ್ಬಿರುತ್ತದೆ. ಕೆಲವರಿಗೆ ಕುಲನಾಮದ ಜಾಗವೇ ಖಾಲಿ. ಈ ಖಾಲಿ ಜಾಗ ಊರಿನಲ್ಲಿ ಯಾರನ್ನೂ ಕಾಡಲಿಲ್ಲ. ಆದರೆ 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಆಗ ಪಾಸ್‌ಪೋರ್ಟ್ ತಿದ್ದುಪಡಿಗೆ ಓಡಿದವರಲ್ಲಿ ನಮ್ಮವರೂ ಇದ್ದರು.

ಕ್ರೈಸ್ತ ಕುಟುಂಬಗಳದ್ದು ಬೇರೆ ಕಥೆ. ಡಿಸೋಜ ಎಂಬ ಒಂದೇ ಹೆಸರನ್ನು ಅಣ್ಣ ಇಂಗ್ಲಿಷಿನಲ್ಲಿ ಮೇಲೊಂದು ಚುಕ್ಕೆ ಹಾಕಿ ಬರೆದರೆ ತಮ್ಮ ಚುಕ್ಕೆ ಬಿಟ್ಟು ಬರೆಯುತ್ತಾನೆ, ಚರ್ಚಿನ ಪುಸ್ತಕದಲ್ಲಿ ನಡುವೆ ಜಾಗ ಬಿಟ್ಟಿರುತ್ತದೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಆ ಚುಕ್ಕೆಗೆ ಜಾಗವೇ ಇಲ್ಲ. ಹಾಗಾಗಿ ಚುಕ್ಕೆ ಕಾಣದಿದ್ದರೆ ಗಾಬರಿ ಬೇಡ. ಆದರೆ ಅಕ್ಷರ ಬೇರೆಯಾದರೆ ಬಿಡಬೇಡಿ.

ಫಿಲಿಪ್ಪೀನ್ಸಿನವರಿಗೆ ನಡುವಿನ ಹೆಸರೆಂದರೆ ತಾಯಿಯ ತವರಿನ ಕುಲನಾಮ, ರಷ್ಯಾದವರಿಗೆ ಅಪ್ಪನ ಹೆಸರಿನಿಂದ ಬಂದದ್ದು. ನಮ್ಮ ಗುಮಾಸ್ತರಿಗೆ ಅದು ಗಂಡನ ಹೆಸರಿನಂತೆ ಕಂಡು, ಮದುವೆ ಪ್ರಮಾಣಪತ್ರದಲ್ಲಿ ಎಲ್ಲಿಗೋ ಹೋಗಿ ಕೂರುತ್ತದೆ. ಸಹಿ ಹಾಕುವ ಮುಂಚೆ ಅವಳ ಪಾಸ್‌ಪೋರ್ಟು ತೆರೆದಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ. ಮದುವೆಯಾದ ಮೇಲೆ ಅವಳು ಕುಲನಾಮ ಬದಲಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಅತ್ತೆಗೆ ಆಸೆಯಿರಬಹುದು, ಆದರೆ ನಾನು ಬೇಡವೆನ್ನುತ್ತೇನೆ. ಬದಲಿಸಿದರೆ ಅವಳ ದೇಶದ ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲವನ್ನೂ ಬದಲಿಸಬೇಕು.

4. ಮದುವೆಯ ಫೋಟೋ ಸಾಕ್ಷಿ ಆಗುವುದಿಲ್ಲ

ದೇವಸ್ಥಾನದ ರಸೀದಿ, ಚರ್ಚಿನ ಪತ್ರ, ಸಭಾಭವನದ ಆಲ್ಬಂ ಇವೆಲ್ಲ ಒಳ್ಳೆಯವೇ. ವೀಸಾಕ್ಕೆ ಬೇಕಾದದ್ದು ನೋಂದಣಿಯ ಪ್ರಮಾಣಪತ್ರ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಹಿಂದೂಗಳಾಗಿರಬೇಕು. ಹಾಗಾಗಿ ಇಂಥ ಹೆಚ್ಚಿನ ಜೋಡಿಗಳ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟಿಸು ಕೊಟ್ಟು ಮತ್ತೆ 30 ದಿನ ಕಾಯಬೇಕು. ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸು ಬಿದ್ದುಹೋಗುತ್ತದೆ. ತಿಂಗಳ ರಜೆಯಲ್ಲಿ ಬಂದು ಎಲ್ಲ ಮುಗಿಸುತ್ತೇವೆ ಎನ್ನುವವರಿಗೆ ಈ ಲೆಕ್ಕವನ್ನು ಮೊದಲೇ ಹೇಳುತ್ತೇನೆ. ಅವಳ ದೇಶದ ರಾಯಭಾರ ಕಚೇರಿಯಿಂದ ಅವಿವಾಹಿತೆ ಎಂಬ ಪತ್ರವೂ ಬೇಕಾಗುತ್ತದೆ. ಅದಕ್ಕೆ ತಗಲುವ ಸಮಯ ನಮ್ಮ ಕೈಯಲ್ಲಿಲ್ಲ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದು ಹೊರದೇಶದಲ್ಲಿ ನಡೆಯಬೇಕಲ್ಲ. ಭಾರತ 2005ರಲ್ಲಿ ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ ಮೇಲೆ, ಆ ಒಪ್ಪಂದದಲ್ಲಿರುವ ಹೆಚ್ಚಿನ ದೇಶಗಳಿಗೆ ವಿದೇಶಾಂಗ ಇಲಾಖೆಯ ಒಂದು ಮುದ್ರೆ ಸಾಕು. ಫಿಲಿಪ್ಪೀನ್ಸ್, ಒಮಾನ್ ಒಪ್ಪಂದದಲ್ಲಿವೆ. ಜರ್ಮನಿಯೂ ಇದೆ, ಆದರೆ ಭಾರತದ ಸೇರ್ಪಡೆಗೆ ಅದು ಆಕ್ಷೇಪ ಎತ್ತಿದ್ದರಿಂದ ಅಲ್ಲಿಗೆ ಈ ಮುದ್ರೆಯೊಂದೇ ಸಾಲದು. ಅದರ ಹೊರಗಿನ ದೇಶವಾದರೆ ಅದರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಒಂದೇ ಮೂಲಪ್ರತಿಗೆ ಎಲ್ಲ ಮುದ್ರೆ ಒತ್ತಿಸಬೇಡಿ. ಉಪನೋಂದಣಿ ಕಚೇರಿಯಲ್ಲಿ ಆಗಲೇ ಒಂದಷ್ಟು ದೃಢೀಕೃತ ಪ್ರತಿ ಪಡೆದುಕೊಳ್ಳಿ.

5. ಹೋಗುವುದಕ್ಕಿಂತ ಮರಳಿ ಬರುವುದು ಕಷ್ಟ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ನಾಲ್ಕು ದೇಶ ಸುತ್ತುವ ಯೋಜನೆಯಲ್ಲಿ ಐದನೆಯ ವೀಸಾ ಒಂದಿದೆ, ಎಲ್ಲರೂ ಮರೆಯುವಂಥದ್ದು: ಹೆಂಡತಿ ತ್ರಾಸಿಗೆ ಮರಳಿ ಬರುವ ವೀಸಾ.

30 ದಿನದ ಪ್ರವಾಸಿ ಇ-ವೀಸಾದಲ್ಲಿ ಎರಡು ಸಲ ಮಾತ್ರ ಒಳಬರಬಹುದು. ಒಂದು ವರ್ಷದ್ದು, ಐದು ವರ್ಷದ್ದು ಬಹುಪ್ರವೇಶದವು. ಇ-ವೀಸಾದಲ್ಲಿ ಹೊರಹೋಗಲು ಯಾವ ವಲಸೆ ತಪಾಸಣಾ ಠಾಣೆಯಾದರೂ ಆದೀತು, ಒಳಬರಲು ಪಟ್ಟಿಯಲ್ಲಿರುವ ಬಾಗಿಲೇ ಆಗಬೇಕು. ನಮ್ಮ ಪುಣ್ಯಕ್ಕೆ ಮಂಗಳೂರು ವಿಮಾನ ನಿಲ್ದಾಣ ಆ ಪಟ್ಟಿಯಲ್ಲಿದೆ, ಗೋವಾ, ಬೆಂಗಳೂರು ಸಹ. ಗೋರಖ್‌ಪುರದವರೆಗೆ ರೈಲಿನಲ್ಲಿ ಹೋಗಿ ನೇಪಾಳ ನೋಡಿಕೊಂಡು ಬಸ್ಸಿನಲ್ಲೇ ವಾಪಸು ಬರುತ್ತೇವೆ ಎನ್ನುವವರು ತಾವು ದಾಟುವ ಗಡಿಯ ಠಾಣೆ ಪಟ್ಟಿಯಲ್ಲಿದೆಯೇ ಎಂದು ನೋಡದೆ ಹೊರಡಬಾರದು. ಗಂಡ ಈಚೆ, ಹೆಂಡತಿ ಆಚೆ ಉಳಿಯುವ ಪರಿಸ್ಥಿತಿ ತಮಾಷೆಯಲ್ಲ.

ಇಲ್ಲೇ ಸಂಸಾರ ಮಾಡುವವಳಿಗೆ ಪ್ರವಾಸಿ ವೀಸಾ ಸರಿಯಾದದ್ದಲ್ಲ. ಭಾರತೀಯರ ಗಂಡ ಅಥವಾ ಹೆಂಡತಿಗೆಂದೇ ಎಕ್ಸ್ ದರ್ಜೆಯ ಪ್ರವೇಶ ವೀಸಾ ಇದೆ. ಕೊಡುವ ಹೊತ್ತಿಗೆ ಬಹುಪ್ರವೇಶ ಎಂದು ಬರೆದಿದೆಯೇ ನೋಡಿ. 180 ದಿನಕ್ಕೂ ಮೀರಿದ ವೀಸಾದಲ್ಲಿ ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು, ಅದೀಗ ಆನ್‌ಲೈನಿನಲ್ಲೇ ಆಗುತ್ತದೆ. ಆಗ ಸಿಗುವ ನಿವಾಸ ಪರವಾನಗಿಯೇ ಮುಂದೆ ಇತರ ದೇಶಗಳ ಅರ್ಜಿಗೆ ಅವಳ ನಿವಾಸದ ದಾಖಲೆ. ವಿದೇಶಿ ಅತಿಥಿ ಬಂದು 24 ಗಂಟೆಯೊಳಗೆ ಮಾಹಿತಿ ಕೊಡುವ ನಿಯಮವನ್ನು ಜನ ಹೋಟೆಲು, ಹೋಂಸ್ಟೇಗಳಿಗೆ ಮಾತ್ರ ಎಂದುಕೊಂಡಿದ್ದಾರೆ. ಆ ಮಾಹಿತಿ ತುಂಬುವ ನಮೂನೆಯಲ್ಲಿ ಖಾಸಗಿ ಮನೆಯ ಹೆಸರೂ ಇದೆ.

ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ಬಾಳಿದ ಮೇಲೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಪಾಕಿಸ್ತಾನ, ಬಾಂಗ್ಲಾದೇಶದ ಮೂಲದವರಿಗೆ ಇದಿಲ್ಲ. ಭದ್ರತಾ ಪರಿಶೀಲನೆ ಇರುವುದರಿಂದ ತಡವಾಗುತ್ತದೆ. ಕಾರ್ಡು ಬಂತೆಂದರೆ ಮರಳುವ ವೀಸಾದ ಚಿಂತೆ ಹೋಯಿತು. ಹೊಸ ಪಾಸ್‌ಪೋರ್ಟು ಮಾಡಿಸಿದಾಗಲೆಲ್ಲ ಅದರ ವಿವರ ಏರಿಸಬೇಕು, ಮದುವೆ ಮುರಿದರೆ ಕಾರ್ಡೂ ಹೋಗುತ್ತದೆ. ಅದನ್ನು ಪೌರತ್ವ ಎಂದುಕೊಂಡು ಗದ್ದೆ ಖರೀದಿಗೆ ಹೊರಟವರೂ ಇದ್ದಾರೆ. ಕೃಷಿಭೂಮಿ, ತೋಟ ಕೊಳ್ಳುವ ಹಕ್ಕು ಅದರಲ್ಲಿಲ್ಲ.

6. ಯುರೋಪಿನಲ್ಲಿ ಹೆಂಡತಿಯ ಊರು ಬೇರೆ, ಪಕ್ಕದ ಊರು ಬೇರೆ

ಷೆಂಗೆನ್‌ನಲ್ಲಿ ಈಗ 29 ದೇಶಗಳು. 2025ರ ಜನವರಿ 1ರಿಂದ ಬಲ್ಗೇರಿಯಾ, ರೊಮೇನಿಯಾ ಪೂರ್ತಿ ಒಳಗೆ ಬಂದವು. ಬ್ರಿಟನ್, ಐರ್ಲೆಂಡ್ ಹೊರಗೆ. ಯಾವ ದೇಶದಲ್ಲಿ ಹೆಚ್ಚು ದಿನ ಉಳಿಯುತ್ತೀರೋ ಅದರ ಅರ್ಜಿ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶದ್ದು. ಎಲ್ಲಿ ಬೇಗ ಅಪಾಯಿಂಟ್‌ಮೆಂಟು ಸಿಗುತ್ತದೋ ಅಲ್ಲಿ ಹಾಕಿ ಬೇರೆ ಕಡೆ ತಿರುಗುವ ಉಪಾಯವನ್ನು ಏಜೆಂಟರು ಹೇಳಿಕೊಡುತ್ತಾರೆ, ನಾನು ಹೇಳುವುದಿಲ್ಲ. 180 ದಿನದಲ್ಲಿ ಹೆಚ್ಚೆಂದರೆ 90 ದಿನ ಉಳಿಯಬಹುದು ಎಂಬ ಲೆಕ್ಕವನ್ನೂ 2025ರ ಅಕ್ಟೋಬರಿನಿಂದ ಹಂತಹಂತವಾಗಿ ಯಂತ್ರಕ್ಕೆ ಒಪ್ಪಿಸಿದ್ದಾರೆ.

ಹೆಂಡತಿ ಯುರೋಪಿಯನ್ ಒಕ್ಕೂಟದ ಪ್ರಜೆಯಾಗಿದ್ದರೆ ಬಹಳ ಜನರಿಗೆ ಗೊತ್ತಿಲ್ಲದ ಬಾಗಿಲೊಂದಿದೆ. 2004ರ ಮುಕ್ತ ಸಂಚಾರ ನಿರ್ದೇಶನದ ಪ್ರಕಾರ, ಜರ್ಮನಿಯವಳ ಜೊತೆ ನಮ್ಮವನು ಫ್ರಾನ್ಸಿಗೋ ಇಟಲಿಗೋ ಹೊರಟರೆ ಅವನ ವೀಸಾಕ್ಕೆ ಶುಲ್ಕವಿಲ್ಲ, ಅರ್ಜಿಯನ್ನು ಬೇಗ ನೋಡಬೇಕು, ಮದುವೆಯ ಸಾಕ್ಷಿ ಮತ್ತು ಜೊತೆಯಲ್ಲಿ ಹೋಗುವ ಸಾಕ್ಷಿ ಮುಖ್ಯ. ಉಳಿದವರು 90 ಯೂರೊ ಕಟ್ಟುತ್ತಾರೆ. ವಿಚಿತ್ರವೆಂದರೆ, ಅವಳ ಸ್ವಂತ ಜರ್ಮನಿಗೆ ಹೋಗುವಾಗ ಈ ನಿರ್ದೇಶನ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಆ ದೇಶದ ಕಾನೂನೇ ನಡೆಯುತ್ತದೆ. ಮಾವನ ಮನೆಗೆ ಹೋಗುವುದಕ್ಕಿಂತ ಪ್ಯಾರಿಸ್ಸಿಗೆ ಹೋಗುವುದು ಸಲೀಸು.

7. ಹಣ ತೋರಿಸುವುದು

ನಮ್ಮವರಲ್ಲಿ ಹಣವಿಲ್ಲವೆಂದಲ್ಲ, ಅದು ಬ್ಯಾಂಕಿನಲ್ಲಿ ಕಾಣುವುದಿಲ್ಲ. ಬೋಟಿನ ಪಾಲು, ಗೇರುಬೀಜ, ತೆಂಗು, ಸೊಸೈಟಿಯ ಠೇವಣಿ, ಚೀಟಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿ. ಅರ್ಜಿಗೆ ವಾರವಿರುವಾಗ ಭಾವನಿಂದ ಐದು ಲಕ್ಷ ತಂದು ಖಾತೆಗೆ ಹಾಕಿದರೆ ಅಧಿಕಾರಿಗೆ ಮೊದಲು ಕಾಣುವುದೇ ಅದು. ಅದಕ್ಕಿಂತ ಆರು ತಿಂಗಳು ಮುಂಚೆಯೇ ಮೀನಿನ, ಕಾಯಿಯ ದುಡ್ಡನ್ನು ಖಾತೆಯ ಮೂಲಕವೇ ತಿರುಗಿಸಿ. ಹೆಂಡತಿಗೆ ಸಂಬಳವಿಲ್ಲದಿದ್ದರೆ ಖರ್ಚು ನನ್ನದು ಎಂಬ ಗಂಡನ ಪತ್ರ, ಅವನ ತೆರಿಗೆ ವಿವರ, ಮದುವೆ ಪ್ರಮಾಣಪತ್ರ ಸೇರಿಸಿ.

8. ತಿರಸ್ಕಾರವನ್ನು ಮುಚ್ಚಿಡಬೇಡಿ

ಬ್ರಿಟನ್ನಿನ ಅರ್ಜಿ ಯಾವುದೇ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ ಎಂದು ಕೇಳುತ್ತದೆ. ಹೌದು ಎಂದು ಬರೆದು ಕಾರಣ ಕೊಟ್ಟವರಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಸುಳ್ಳು ಸಿಕ್ಕಿಬಿದ್ದರೆ 10 ವರ್ಷದವರೆಗೆ ಬಾಗಿಲು ಮುಚ್ಚಬಹುದು. ಗಂಡನಿಗೆ ಸಿಕ್ಕಿ ಹೆಂಡತಿಗೆ ನಿರಾಕರಣೆಯಾದರೆ, ಎರಡನೆಯ ಅರ್ಜಿಯ ಮುಂಚೆ ಮೊದಲನೆಯ ಪತ್ರದ ಕಾರಣವನ್ನು ಸಾಲುಸಾಲಾಗಿ ಓದಿ, ಅದಕ್ಕೆ ಬೇಕಾದ ಕಾಗದವನ್ನೇ ಹೊಂದಿಸಿ.

9. ಮಗು ಬಂದ ಮೇಲೆ ಕಾಲಂ ಮೂರು

ಇಲ್ಲಿ ಹುಟ್ಟಿದ ಮಗುವಿನ ತಂದೆ ಅಥವಾ ತಾಯಿ ಭಾರತೀಯರಾಗಿದ್ದು, ಇನ್ನೊಬ್ಬರು ಆ ಹೊತ್ತಿನಲ್ಲಿ ಅಕ್ರಮ ವಲಸಿಗರಲ್ಲದಿದ್ದರೆ ಮಗು ಹುಟ್ಟಿನಿಂದಲೇ ಭಾರತೀಯ. 2004ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮವಿದು. ಬಸುರಿ ಹೆಂಡತಿಯ ವೀಸಾ ಅವಧಿ ಮುಗಿಯಲು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಮುಂಚೆಯೇ ಹಾಕಿ, ರಸೀದಿಯ ಪ್ರತಿಯನ್ನು ಆಸ್ಪತ್ರೆಯ ಫೈಲಿನಲ್ಲೂ ಇಟ್ಟುಕೊಳ್ಳಿ.