ಹೆಣಿಗೆಯನ್ನು ಮುಗಿಸುವ ಬಗೆ

ಹೆಣಿಗೆ ಕಲಿಯಲು ತೊಡಗಿದವರ ಮನೆಯಲ್ಲಿ ಅರ್ಧಕ್ಕೆ ನಿಂತ ಸ್ವೆಟರೊಂದು ಕಾಣಸಿಗುವುದು ಅಪರೂಪವಲ್ಲ. ಹಿಂಭಾಗ, ಮುಂಭಾಗ ಎರಡೂ ಸಿದ್ಧವಾಗಿರುತ್ತವೆ. ಕಡ್ಡಿಯಿಂದ ಬಿಡಿಸಿ ಜೋಡಿಸುವ ಧೈರ್ಯ ಬಾರದೆ ಅವು ಪೆಟ್ಟಿಗೆಯ ತಳ ಸೇರುತ್ತವೆ. ಮುಂದಿನ ಚಳಿಗಾಲ ಬರುವಷ್ಟರಲ್ಲಿ ಮಗು ಬೆಳೆದಿರುತ್ತದೆ. ದಕ್ಷಿಣದಿಂದ ದೆಹಲಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಚಳಿ ಹೊಸ ಅನುಭವ. ಅಲ್ಲಿ ಈ ವಿಳಂಬಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಮಗುವಿನ ತೋಳಿಲ್ಲದ ಸ್ವೆಟರನ್ನು ಉದಾಹರಣೆಯಾಗಿಟ್ಟುಕೊಂಡು, ಮುಗಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕುಣಿಕೆಗಳನ್ನು ಮುಚ್ಚುವುದು

ಮೊದಲು ಕಡ್ಡಿಯ ಮೇಲಿನ ಕುಣಿಕೆಗಳನ್ನು ಎಣಿಸಬೇಕು. ಒಂದು ಕಡಿಮೆಯಿದ್ದರೆ ಎಲ್ಲೋ ಜಾರಿರುವ ಸಂಭವವಿದೆ. ಜಾರಿದ ಕುಣಿಕೆಯನ್ನು ಹಾಗೆಯೇ ಬಿಟ್ಟರೆ ಅದು ಏಣಿಯಂತೆ ಕೆಳಗಿನವರೆಗೆ ಬಿಚ್ಚಿಕೊಳ್ಳುತ್ತದೆ. ಕ್ರೋಶಾ ಕಡ್ಡಿಯಿಂದ ಅದನ್ನು ಸಾಲುಸಾಲಾಗಿ ಮೇಲೆತ್ತಿ ಕಡ್ಡಿಗೆ ಸೇರಿಸಬಹುದು.

ಮುಚ್ಚಲು ಬೇಕಾಗುವ ನೂಲು ಸಾಲಿನ ಅಗಲದ ಸುಮಾರು ಮೂರರಷ್ಟು. ಎರಡು ಕುಣಿಕೆಗಳನ್ನು ಹೆಣೆದು, ಮೊದಲನೆಯದನ್ನು ಎಡಗಡ್ಡಿಯ ತುದಿಯಿಂದ ಎತ್ತಿ ಎರಡನೆಯದರ ಮೇಲಿಂದ ದಾಟಿಸಿ ಬಿಡಬೇಕು. ಮತ್ತೊಂದನ್ನು ಹೆಣೆದು ಇದೇ ರೀತಿ ಮುಂದುವರಿಸಬೇಕು. ಕೊನೆಗೆ ಒಂದೇ ಕುಣಿಕೆ ಉಳಿದಾಗ ಸುಮಾರು 15 ಸೆಂಟಿಮೀಟರ್ ನೂಲು ಬಿಟ್ಟು ಕತ್ತರಿಸಿ, ತುದಿಯನ್ನು ಅದರೊಳಗಿಂದ ಎಳೆಯಬೇಕು. ಆ ಅಂಚನ್ನು ಮುಂದೆ ಹೊಲಿಯುವುದಿದ್ದರೆ ಇನ್ನೂ ಉದ್ದನೆಯ ನೂಲು ಬಿಡುವುದು ಅನುಕೂಲ.

ಹೊಸಬರು ಸಾಮಾನ್ಯವಾಗಿ ಇಲ್ಲಿ ನೂಲನ್ನು ಬಿಗಿಯಾಗಿ ಎಳೆಯುತ್ತಾರೆ. ಬಲಗೈಯಲ್ಲಿ ಒಂದು ಅಳತೆ ದಪ್ಪನೆಯ ಕಡ್ಡಿ ಹಿಡಿದರೆ ಈ ತೊಂದರೆ ನೀಗುತ್ತದೆ.

ನೂಲಿನ ಗುರುತು, ಅಳತೆಗೆ ಹೊಂದಿಸುವಿಕೆ

ಬಿಡಿ ಭಾಗಗಳನ್ನು ಹೊಲಿಯುವ ಮೊದಲೇ ನೆನೆಸಿ ಅಳತೆಗೆ ತರಬೇಕು. ಅದಕ್ಕೂ ಮೊದಲು ನೂಲು ಉಣ್ಣೆಯೋ ಅಕ್ರಿಲಿಕ್ಕೋ ಎಂಬುದನ್ನು ತಿಳಿಯಬೇಕು. ಚೀಟಿ ಕಳೆದುಹೋಗಿದ್ದರೆ, ಮಕ್ಕಳಿಲ್ಲದ ಕಡೆ, ಪಕ್ಕದಲ್ಲಿ ನೀರಿಟ್ಟುಕೊಂಡು, ಸಣ್ಣ ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಹಾಗೆ ಕುಗ್ಗಿದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಆದ್ದರಿಂದ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಬೇಕು. ನಂತರ ದಪ್ಪ ಬಟ್ಟೆಯ ಮೇಲೆ ಹರಡಿ, ಎದೆಯ ಅಗಲ ಮತ್ತು ಉದ್ದವನ್ನು ಟೇಪಿನಿಂದ ಅಳೆದು, ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ನೆರಳಿನಲ್ಲಿ ಒಣಗಿಸಬೇಕು. ಅಕ್ರಿಲಿಕ್‌ಗೂ ಇದೇ ಕ್ರಮ. ಬಿಸಿ ಇಸ್ತ್ರಿ ತಾಗಿದರೆ ಅದರ ಹೆಣಿಗೆ ಶಾಶ್ವತವಾಗಿ ಚಪ್ಪಟೆಯಾಗುತ್ತದೆ.

ಜೋಡಣೆ

ಮೊದಲು ಹೆಗಲುಗಳನ್ನು ಸೇರಿಸಿ, ಬಳಿಕ ಕೊರಳ ಪಟ್ಟಿಯನ್ನು ಹೆಣೆದು, ಕೊನೆಗೆ ಪಕ್ಕಗಳನ್ನು ಹೊಲಿಯಬೇಕು. ಕೊರಳ ಪಟ್ಟಿಯ ಕುಣಿಕೆಗಳನ್ನು ಸಡಿಲವಾಗಿಯೇ ಮುಚ್ಚಬೇಕು. ಕೊನೆಯ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ, ನೂಲು ಕತ್ತರಿಸುವ ಮೊದಲೇ ಮಗುವಿನ ತಲೆ ಸುಲಭವಾಗಿ ತೂರುವುದೇ ಎಂದು ನೋಡುವುದು ಜಾಣತನ. ಬಿಗಿಯಾಗಿದ್ದರೆ ಒಂದೇ ಸಾಲು ಬಿಚ್ಚಿದರೆ ಸಾಕು.

ಪಕ್ಕಗಳನ್ನು ಹೊಲಿಯುವಾಗ ಎರಡೂ ಭಾಗಗಳನ್ನು ಹೊರಮೈ ಮೇಲೆ ಬರುವಂತೆ ಅಕ್ಕಪಕ್ಕ ಇಡಬೇಕು. ಅಂಚಿನ ಮೊದಲ ಮತ್ತು ಎರಡನೆಯ ಕುಣಿಕೆಗಳ ನಡುವೆ ಮೆಲ್ಲಗೆ ಅಗಲಿಸಿದರೆ ಏಣಿಯ ಮೆಟ್ಟಿಲುಗಳಂತೆ ಅಡ್ಡ ಎಳೆಗಳು ಕಾಣುತ್ತವೆ. ಮೊಂಡು ತುದಿಯ ಸೂಜಿಯನ್ನು ಒಂದು ಬದಿಯ ಎಳೆಯ ಕೆಳಗೆ, ಅನಂತರ ಇನ್ನೊಂದು ಬದಿಯ ಎಳೆಯ ಕೆಳಗೆ ತೂರಿಸುತ್ತಾ ಹೋಗಬೇಕು. ನಾಲ್ಕೈದು ಸೆಂಟಿಮೀಟರ್ ಆದ ಮೇಲೆ ಹಗುರವಾಗಿ ಎಳೆದರೆ ಹೊಲಿಗೆ ಕಣ್ಣಿಗೆ ಬೀಳದಂತೆ ಮುಚ್ಚಿಕೊಳ್ಳುತ್ತದೆ.

ನೂಲಿನ ತುದಿಗಳು

ಉಳಿದ ತುದಿಗಳನ್ನು ಗಂಟು ಹಾಕಿ ಕತ್ತರಿಸಬಾರದು. ಗಂಟು ಮೈಗೆ ಒತ್ತುತ್ತದೆ, ಕಾಲಕ್ರಮೇಣ ಬಿಚ್ಚಿಕೊಳ್ಳಲೂಬಹುದು. ಸೂಜಿಯಿಂದ ಒಳಮೈಯಲ್ಲಿ ಐದಾರು ಸೆಂಟಿಮೀಟರ್ ಪೋಣಿಸಿ, ದಿಕ್ಕು ಬದಲಿಸಿ ಮತ್ತೆ ಸ್ವಲ್ಪ ದೂರ ಹಿಂದಿರುಗಬೇಕು. ಬಟ್ಟೆಯನ್ನು ಒಮ್ಮೆ ಎಳೆದು ನೋಡಿ, ಆಮೇಲೆ ಕತ್ತರಿಸಬೇಕು. ಹಸುಗೂಸಿನ ಉಡುಪಿನಲ್ಲಿ ಈ ಎಚ್ಚರಿಕೆ ಅತ್ಯಗತ್ಯ. ಒಳಗೆ ಸಡಿಲವಾಗಿ ಉಳಿದ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ.

ಈ ಕೆಲಸಗಳೆಲ್ಲ ಒಂದೇ ದಿನ ಆಗಬೇಕೆಂದಿಲ್ಲ. ಒಂದು ದಿನ ನೆನೆಸಿ ಹರಡಿ, ಚೆನ್ನಾಗಿ ಒಣಗಿದ ಮೇಲೆ ಹೊಲಿಯಬಹುದು. ಮೊದಲ ಸ್ವೆಟರಿನ ಹೊಲಿಗೆ ಎಲ್ಲೋ ಒಂದೆಡೆ ಸೊಟ್ಟಗಾದರೂ ಚಿಂತೆಯಿಲ್ಲ. ಪೆಟ್ಟಿಗೆಯಲ್ಲಿರುವ ನಿರ್ದೋಷವಾದ ಅರ್ಧ ಸ್ವೆಟರಿಗಿಂತ ಮಗುವಿನ ಮೈಮೇಲಿರುವ ಸೊಟ್ಟ ಹೊಲಿಗೆಯ ಸ್ವೆಟರೇ ಚಳಿಯನ್ನು ತಡೆಯುತ್ತದೆ.